ಬಂಡೆಯ ಕೆಳಗಿನ ಹ್ಞೂಂ

ನಮ್ಮ ಅಜ್ಜಿ ದಢೇಸುಗೂರಿನ ಗದ್ದೆಯಲ್ಲಿ ಕಳೆ ಕೀಳುತ್ತಾ ಕತೆ ಹೇಳುತ್ತಿದ್ದಳು. ಸಾಲಿನಲ್ಲಿ ಬಗ್ಗಿದ ಹೆಂಗಸರೆಲ್ಲ ಕೇಳುವವರೇ, ಆದರೆ ಹ್ಞೂಂ ಅನ್ನುವ ಕೆಲಸ ಒಬ್ಬಳದು, ನಮ್ಮ ಅಕ್ಕನದು. ಅಜ್ಜಿ ಒಂದು ಮಾತು ಮುಗಿಸಬೇಕು, ಅಕ್ಕ ಹ್ಞೂಂ ಅನ್ನಬೇಕು, ಆಮೇಲೆ ಮುಂದಿನ ಮಾತು. ಅಕ್ಕ ಎಲ್ಲಾದರೂ ಬದುವಿನ ಏಡಿ ನೋಡುತ್ತಾ ಸುಮ್ಮನಾದಳೋ, ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಡುತ್ತಿದ್ದಳು.

"ಯಾಕಬೇ, ಬಾಯಿ ಎಲ್ಲಿ ಹೋತು? ಈ ಕತಿ ಈಗ ಎಲ್ಲಿ ಇಳಸಲಿ, ನೀರಾಗ?"

ಹೇಳುವ ಚಟ ಅಜ್ಜಿಯಿಂದ ತಂಗಿಯಾದ ನನಗೆ ಬಂತು. ಹ್ಞೂಂ ಅಕ್ಕನ ಬಳಿಯೇ ಉಳಿಯಿತು. ನಾನು ಮದುವೆಯ ಗೋಜಿಗೆ ಹೋಗಲಿಲ್ಲ. ಅಕ್ಕ ಗಂಡ ತೀರಿದ ಮೇಲೆ ಸಿಂಧನೂರಿನ ನನ್ನ ಮನೆಗೆ ಬಂದಳು. ನನಗೆ ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತಿಕೆ. ಬೆಳಿಗ್ಗೆ ಮಸ್ಕಿ ಮೇಲೆ ಹೋಗುವ ಬಸ್ಸು, ಸಂಜೆ ಮಸ್ಕಿ ಮೇಲೆ ಬರುವ ಬಸ್ಸು. ಬಸ್ಸಿನಲ್ಲಿ ದಿನಕ್ಕೊಂದು ಕತೆ ಸಿಕ್ಕೇ ಸಿಗುತ್ತಿತ್ತು. ಬಳಗಾನೂರಿಗೆ ಹೋಗಬೇಕಾದವನು ನಮ್ಮ ಬಸ್ಸು ಹತ್ತಿ, ಬಸ್ಸೇ ದಾರಿ ತಪ್ಪಿದೆ ಎಂದು ಕಂಡಕ್ಟರನ ಮೇಲೆ ಹರಿಹಾಯ್ದದ್ದು. ಮಸ್ಕಿ ಸಂತೆಯಿಂದ ಹೊರಟ ಕೋಳಿ ಚೀಲ ಹರಿದುಕೊಂಡು ಡ್ರೈವರನ ಪಕ್ಕ ಹೋಗಿ ಕೂತದ್ದು. ನಾನು ಹೇಳುವುದು, ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಹ್ಞೂಂ ಅನ್ನುವುದು. ನಮ್ಮ ಮನೆಯ ಸಂಜೆ ಎಂದರೆ ಅಷ್ಟೇ.

ನಿವೃತ್ತಿಯಾಯಿತು. ಬಸ್ಸು ನಿಂತಿತು, ಕತೆಯೂ ನಿಂತಿತು. ಅದೇ ಹೊತ್ತಿಗೆ ಅಕ್ಕನ ಮಂಡಿ ಹಿಡಿದುಕೊಂಡು, ಮಂಚದ ಮೇಲೆ ಕೂತವಳ ಕೈಗೆ ಮೊಬೈಲು ಬಂತು. ನಾನು ತರಕಾರಿ ಪ್ಯಾಟಿಗೆ ಹೋಗಿ ಬಂದು ಏನೋ ಶುರು ಮಾಡಿದರೆ ಅವಳ ಕಣ್ಣು ಪರದೆಯ ಮೇಲಿರುತ್ತಿತ್ತು. ಹ್ಞೂಂ ಬರುತ್ತಿರಲಿಲ್ಲ. ಅಜ್ಜಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲಲು ನನಗೆ ಧೈರ್ಯವಿಲ್ಲ. ಅರ್ಧಕ್ಕೇ ಬಿಟ್ಟು ಬದನೆಕಾಯಿ ತೊಳೆಯಲು ಹೋಗುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರಿದ್ದೂ, ಇಡೀ ದಿನದ ಮಾತೆಂದರೆ ಚಹಾ ಆಯಿತಾ, ಮಾತ್ರೆ ತಗೊಂಡೆಯಾ, ಇಷ್ಟೇ.

ಆಗ ನನಗೆ ಹೊಳೆದದ್ದು, ಹತ್ತಿರದ ಕತೆಗೆ ರುಚಿ ಇಲ್ಲವಾದರೆ ದೂರದ್ದನ್ನು ತಂದರಾಯಿತು ಎಂದು. ನಮ್ಮ ಕಡೆಯ ಜನ ಗುಂಪು ಕಟ್ಟಿಕೊಂಡು ಶ್ರೀಲಂಕಾ ಪ್ರವಾಸಕ್ಕೆ ಹೊರಟಿದ್ದರು. ಸುತ್ತ ಸಮುದ್ರ, ನಡುವೆ ದೇಶ. ಅಂಥ ಕಡೆ ಹೋಗಿ ಬಂದರೆ ಒಂದು ವರ್ಷದ ಸಂಜೆಗಳಿಗೆ ಸಾಕು. ಅಕ್ಕನನ್ನೂ ಕರೆದೆ.

"ನನ್ನ ಮಂಡಿ ಬಚ್ಚಲದ ಕಟ್ಟಿ ಹತ್ತವಲ್ದು, ವಿಮಾನ ಹತ್ತತೈತೇನು? ನೀ ಹೋಗಿ ಬಾ" ಎಂದಳು.

"ಬಂದು ಎಲ್ಲಾ ಹೇಳ್ತೀನಿ."

"ಹ್ಞಾಂ, ಹೇಳೀಯಂತ."

ಪಕ್ಕದ ಮನೆಯ ಚಾಚಿ, "ಬೇಫಿಕರ್ ಹೋಗ್ರಿ, ನಿಮ್ಮಕ್ಕಗ ಊಟಾ ಮಾಡಸಾಕ ನಾ ಅದೀನಿ" ಅಂದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟೆ.

ಗುಂಪಿನಲ್ಲಿ ಎಲ್ಲರೂ ಗಂಡ ಹೆಂಡತಿ ಜೋಡಿಗಳು. ಒಂಟಿ ನಾನೊಬ್ಬಳೇ. ಒಂಟಿಯಾದವರಿಗೆ ಎರಡು ಕೆಲಸ ತಾನಾಗಿಯೇ ಬರುತ್ತವೆ ಎಂದು ಮೊದಲ ದಿನವೇ ತಿಳಿಯಿತು. ಜೋಡಿಗಳ ಫೋಟೋ ತೆಗೆಯುವುದು, ಅವರ ಚೀಲ ಕಾಯುವುದು. ಯಾರೂ ಕೆಟ್ಟವರಲ್ಲ. ಲಿಂಗಸುಗೂರಿನಲ್ಲಿ ಗೊಬ್ಬರದಂಗಡಿ ಇಟ್ಟ ದಂಪತಿಯಂತೂ ಎಳನೀರು ಕುಡಿಯುವಾಗ ನನ್ನನ್ನು ಬಿಟ್ಟು ಕುಡಿದದ್ದಿಲ್ಲ. ಆ ದೇಶದ ಎಳನೀರಿನ ಕಾಯಿ ಹಣ್ಣಿನ ಹಾಗೆ ಕೇಸರಿ ಬಣ್ಣದ್ದು. ಆನೆಗಳು ಹೊಳೆಗಿಳಿದಾಗ ಎಲ್ಲರೂ ಮುಂದೆ ನುಗ್ಗಿದರು, ನಾನು ಫೋಟೋ ತೆಗೆದೆ. ಬೆಟ್ಟದ ರೈಲಿನಲ್ಲಿ ಚಹಾತೋಟ ಕಾಣಬೇಕಿತ್ತು, ನಾವು ಹೋದ ದಿನ ಮಂಜು. ತಿಮಿಂಗಿಲ ನೋಡುವ ದೋಣಿಯಲ್ಲಿ ನನಗೆ ಕಂಡದ್ದು ಗೊಬ್ಬರದಂಗಡಿಯವರ ಬೆನ್ನು ಮಾತ್ರ.

ಪ್ರತಿಯೊಂದನ್ನೂ ನಾನು ಮನಸ್ಸಿನಲ್ಲೇ ಅಕ್ಕನಿಗೆ ಹೇಳಿಕೊಳ್ಳುತ್ತಿದ್ದೆ. ಒಂದು ಮಾತು ಹೇಳಿ, ಹ್ಞೂಂಗೆ ಜಾಗ ಬಿಟ್ಟು, ಮುಂದಿನ ಮಾತು. ಆ ಜಾಗದಲ್ಲಿ ಅಲೆಯ ಸಪ್ಪಳ ಇರುತ್ತಿತ್ತು.

ಸಿಗಿರಿಯಾ ಎಂಬ ದೊಡ್ಡ ಬಂಡೆಗೆ ಹೋದೆವು. ಹಿಂದೆ ಅದರ ತಲೆಯ ಮೇಲೆ ಒಬ್ಬ ರಾಜ ಅರಮನೆ ಕಟ್ಟಿದ್ದನಂತೆ.

"ನಮ್ಮ ಮಸ್ಕಿ ಗುಡ್ಡಕ್ಕ ಹಾಲು ಕುಡಸಿ ಬೆಳಸ್ಯಾರ ನೋಡ್ರಿ ಅಕ್ಕಾರ" ಎಂದರು ಗೊಬ್ಬರದಂಗಡಿಯವರು.

ಅವರ ಹೆಂಡತಿ, "ಮಸ್ಕಿ ಗುಡ್ಡಾನರೆ ಎಂದು ಹತ್ತೀರಿ ನೀವು? ನಡೀರಿ ಸುಮ್ನ" ಎಂದು ಅವರ ಕೈ ಹಿಡಿದೆಳೆದು, ನನ್ನ ಕಡೆ ತಿರುಗಿ, "ಅಕ್ಕಾರ, ನೀವು ಬರತೀರೋ?" ಎಂದರು.

ಕಡಿದಾದ ಮೆಟ್ಟಿಲು. ಹತ್ತುವವರೆಲ್ಲ ಒಬ್ಬರ ಕೈ ಒಬ್ಬರು ಹಿಡಿದಿದ್ದರು. "ನನಗ ತಲಿ ಸುತ್ತತೈತ್ರಿ, ನೀವು ಹೋಗಿ ಬರ್ರಿ" ಎಂದೆ. ಚೀಲಗಳೆಲ್ಲ ನನ್ನ ಸುತ್ತ ಬಂದು ಕೂತವು.

ಮರದ ಕೆಳಗೆ ಕಲ್ಲುಬೆಂಚು. ಒಬ್ಬ ಹೆಂಗಸು ಎಲೆ ಗುಡಿಸುತ್ತಾ ಬಂದಳು. ನನ್ನದೇ ವಯಸ್ಸು. ನಾನು ಕಾಲು ಎತ್ತಿದೆ, ಬೆಂಚಿನ ಕೆಳಗೂ ಗುಡಿಸಿದಳು. ಆಮೇಲೆ ದಣಿವಾಯಿತೋ ಏನೋ, ಪಕ್ಕದಲ್ಲೇ ಕೂತಳು. ರೊಟ್ಟಿ ಮುರಿದು ಕೊಟ್ಟೆ. ಕಟಕ್ ಎಂದ ಸಪ್ಪಳಕ್ಕೆ ನಕ್ಕಳು. ತಿಂದಳು. ಬಾಯಿ ಒರೆಸಿಕೊಂಡು ಏನೋ ಹೇಳಿದಳು, ಅವಳ ಭಾಷೆಯಲ್ಲಿ. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಅವಳು ಒಂದು ಮಾತು ಮುಗಿಸಿ, ಸ್ವಲ್ಪ ತಡೆದಳು. ಆ ನಿಲುಗಡೆ ನನಗೆ ಚೆನ್ನಾಗಿ ಗೊತ್ತು.

"ಹ್ಞೂಂ" ಎಂದೆ.

ಮುಂದಿನ ಮಾತು ಬಂತು. ಮತ್ತೆ ಹ್ಞೂಂ ಎಂದೆ. ಅವಳು ಬಂಡೆಯ ಕಡೆ ಕೈ ಮಾಡಿದಳು, ರಸ್ತೆಯ ಕಡೆ ಮಾಡಿದಳು, ಒಮ್ಮೆ ಎದೆ ಮುಟ್ಟಿಕೊಂಡಳು. ಒಂದು ಕಡೆ ಅವಳ ದನಿ ಇಳಿಯಿತು. ಅಲ್ಲಿ ನಾನೂ ದನಿ ಇಳಿಸಿ ಹ್ಞೂಂ ಎಂದೆ. ಎಷ್ಟು ಹೊತ್ತು ಹೇಳಿದಳೋ. ಕೊನೆಗೆ ಎದ್ದು ನನ್ನ ಮೊಣಕೈ ಮುಟ್ಟಿ, ಪೊರಕೆ ಎತ್ತಿಕೊಂಡು ಹೋದಳು. ಮೇಲಿನಿಂದ ಇಳಿದು ಬಂದವರು, "ಬ್ಯಾಸರಾತೇನ್ರಿ ಅಕ್ಕಾರ?" ಎಂದು ಕೇಳಿದರು. ಇಲ್ಲವೆಂದೆ.

ಮನೆಗೆ ಬಂದ ಸಂಜೆಯೇ ಅಕ್ಕನ ಮಂಚದ ತುದಿಗೆ ಕೂತು ಶುರು ಮಾಡಿದೆ. "ಅಲ್ಲಿ ಒಂದು ಬಂಡಿಗಲ್ಲು ಐತಿ..."

"ಸಿಗಿರಿಯಾ ಹೌದಿಲ್ಲೋ? ಮ್ಯಾಲ ಈಜೂ ಹೊಂಡ ಐತಿ, ನೋಡಿದಿ?"

ನಾನು ಹೊದಿಕೆಯ ಅಂಚು ಸರಿ ಮಾಡಿದೆ.

"ನೀ ಮ್ಯಾಲ ಹತ್ತಲೇ ಇಲ್ಲೇನು? ಅಯ್ಯ, ನಾ ಇಲ್ಲೇ ಕುಂತು ಹತ್ತಿ ಇಳದೀನಿ ನೋಡು. ನೀ ಹೋದಾಗಿಂದ ಅದನ್ನ ನೋಡಾಕತ್ತೀನಿ" ಎಂದು ಮೊಬೈಲು ಅಲುಗಾಡಿಸಿದಳು. ಮಂಜಿಲ್ಲದ ರೈಲು ನೋಡಿದ್ದಳು. ಬಾಲ ಎತ್ತಿದ ತಿಮಿಂಗಿಲ ನೋಡಿದ್ದಳು. ನಾನು ಹೇಳಬೇಕೆಂದು ಹೊತ್ತು ತಂದದ್ದೆಲ್ಲ ನನಗಿಂತ ಚಂದವಾಗಿ ಅವಳ ಅಂಗೈಯಲ್ಲಿತ್ತು. ತಂದ ಚಹಾಪುಡಿಯ ಪೊಟ್ಟಣ ಬಿಚ್ಚಲು ಎದ್ದೆ.

"ಮತ್ತ ಅವರೆಲ್ಲಾ ಮ್ಯಾಲ ಹೋದಾಗ ನೀ ಏನ್ ಮಾಡಿದಿ?" ಎಂದಳು ಅಕ್ಕ, ಕಣ್ಣು ಪರದೆಯ ಮೇಲೇ ಇಟ್ಟು.

ಗುಡಿಸುವ ಹೆಂಗಸಿನ ಸಂಗತಿ ಹೇಳಿದೆ.

"ಏನ್ ಹೇಳಿದ್ಲಂತ?"

"ಯಾರಿಗ್ಗೊತ್ತು."

"ತಿಳೀಲಾರದ ಹ್ಞೂಂ ಅಂದಿ?"

"ಅಂದೆ."

ಅಕ್ಕ ನಕ್ಕಳು. ಬಹಳ ದಿನಕ್ಕೆ ಅವಳ ನಗು ಕೇಳಿದ್ದು. "ನಾ ಏನ್ ತಿಳದು ಅಂತಿದ್ನೇನು? ನಿನ್ನ ಆ ಬಸ್ಸು, ಆ ಕಂಡಕ್ಟರು, ಅರ್ಧಾ ಕಿವೀಗೆ ಬೀಳತಿದ್ದಿಲ್ಲ. ಒಲೀ ಮುಂದ ನಾ ಒಬ್ಬಾಕಿ ಕುಂತಾಗ ಮನ್ಯಾಗ ಒಂದು ದನಿ ಇರತಿತ್ತು, ಅಷ್ಟು ಸಾಕಾಗತಿತ್ತು."

ಆಮೇಲೆ ಕೈಯಲ್ಲಿದ್ದ ಮೊಬೈಲು ನೋಡಿ, "ಈಗ ಇದು ಮಾತಾಡತೈತಿ" ಎಂದಳು. ನೋಯಿಸಲು ಅಂದದ್ದಲ್ಲ, ಇದ್ದದ್ದು ಅಂದಳು. ಚಹಾಪುಡಿಯ ಪೊಟ್ಟಣ ಹಿಡಿದು ನಾನು ಅಲ್ಲೇ ನಿಂತಿದ್ದೆ.

"ಯಾಕ ನಿಂತಿ? ಹೇಳು" ಎಂದು ಮೊಬೈಲಿನ ದನಿ ಸ್ವಲ್ಪ ತಗ್ಗಿಸಿದಳು. ಪೂರ್ತಿ ನಿಲ್ಲಿಸಲಿಲ್ಲ.

ಮತ್ತೆ ಮಂಚದ ತುದಿಗೆ ಕೂತೆ. ಸಿಂಧನೂರು ಬಸ್‌ಸ್ಟ್ಯಾಂಡಿನಿಂದ ಶುರು ಮಾಡಿದೆ. ಮೊಬೈಲಿನಲ್ಲಿ ಯಾರೋ ಯಾವುದೋ ಕಡಲ ದಂಡೆಯ ಬಗ್ಗೆ ಹೇಳುತ್ತಿದ್ದರು, ನಾನು ರೊಟ್ಟಿಯ ಗಂಟು ಎಲ್ಲಿ ಮರೆತು, ಹೇಗೆ ಓಡಿ ಹೋಗಿ ತಂದೆ ಎಂದು ಹೇಳುತ್ತಿದ್ದೆ. ನಡುವೆ ಒಂದು ಕಡೆ ಅಕ್ಕ ಹ್ಞೂಂ ಎಂದಳು. ಅದು ನನಗೋ ಮೊಬೈಲಿಗೋ ತಿಳಿಯಲಿಲ್ಲ.

ನಾನು ಮುಂದಿನ ಮಾತು ಹೇಳಿದೆ.