ಸೆರಗಿಗೆ ಹೋದ ಕೈ

ತೊಂಬತ್ತರ ದಶಕದ ಕೊನೆಗೆ ನಾನು ನಮ್ಮೂರ ಪಂಚಾಯಿತಿಯ ಮೆಂಬರ್ ಆಗಿದ್ದೆ. ಆಗಿದ್ದೆ ಅನ್ನುವುದಕ್ಕಿಂತ, ಕೂರಿಸಿದ್ದರು. ಹೆಂಗಸರ ಸೀಟು ಬಂತು. ನಮ್ಮ ಮನೆಯಲ್ಲಿ ಸಹಿ ಮಾಡಲು ಬರುವ ಸೊಸೆ ನಾನೊಬ್ಬಳೇ. ಊರು ಬಸವಕಲ್ಯಾಣ ತಾಲ್ಲೂಕಿನ ಅಂಚಿನಲ್ಲಿದೆ. ಕಚೇರಿ ಕೆಲಸಕ್ಕೆ ಬಸವಕಲ್ಯಾಣ, ದವಾಖಾನೆಗೆ ಹುಮನಾಬಾದ್, ಮಾಣಿಕನಗರ ದಾಟಿದ ಕೂಡಲೇ. ಸಭೆಯಲ್ಲಿ ಗಂಡಸರು ಕುರ್ಚಿಯ ಮೇಲೆ, ನಾವು ಹೆಂಗಸರು ಜಮಖಾನೆಯ ಮೇಲೆ, ನಮ್ಮ ಗಂಡಂದಿರು ಕಿಟಕಿಯ ಹೊರಗೆ. ಮುಂದಿನ ಕುರ್ಚಿ ನನ್ನ ಮಾವನ ಅಣ್ಣನದು. ಅವರೂ ಮೆಂಬರು. ದೊಡ್ಡ ಮಾವನೆದುರು ನಮ್ಮ ಮನೆಯ ಸೊಸೆಯಂದಿರು ತಲೆಯ ಮೇಲಿನ ಸೆರಗು ಇಳಿಸುವಂತಿಲ್ಲ, ಬಾಯಿ ತೆರೆಯುವ ಮಾತಂತೂ ಇಲ್ಲವೇ ಇಲ್ಲ. ಹೀಗಾಗಿ ಪಂಚಾಯಿತಿಗೆ ನನ್ನಿಂದ ಯಾವ ತೊಂದರೆಯೂ ಇರಲಿಲ್ಲ.

ಆ ದಿನ ಸಭೆಗೆ ಬಂದಿದ್ದು ನರ್ಸಬಾಯಿಯ ಕೋಣೆಯ ಠರಾವು. ಆಕೆ ಹುಮನಾಬಾದಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಪಂಚಾಯಿತಿಯ ಖಾಲಿ ಕೋಣೆ ಕೊಟ್ಟರೆ ಊರಲ್ಲೇ ಉಳಿದು ಹೆರಿಗೆ ಮಾಡಿಸುತ್ತೇನೆ, ಇಲ್ಲದಿದ್ದರೆ ಬೇರೆ ಊರಿಗೆ ವರ್ಗ ಕೇಳುತ್ತೇನೆ ಎಂದಿದ್ದಳು. ದೊಡ್ಡ ಮಾವನಿಗೆ ಅದೇ ಕೋಣೆ ಗೊಬ್ಬರದ ಚೀಲ ಇಡಲು ಬೇಕಿತ್ತು.

ನನಗೆ ಭಯ ಶುರುವಾಗಿದ್ದು ಮನೆಯಿಂದಲೇ. ದೊಡ್ಡ ಮಾವನ ಸೊಸೆ, ನನ್ನ ನೆಗೆಣ್ಣಿ, ದಿನ ತುಂಬಿದ ಬಸುರಿ. ಹಿಂದಿನ ಸಲ ಆಕೆ ಹುಮನಾಬಾದಿನ ದಾರಿಯಲ್ಲಿ, ಜೀಪಿನಲ್ಲೇ ಹೆತ್ತಿದ್ದಳು. ಜೊತೆಗೆ ನಾನೊಬ್ಬಳೇ ಇದ್ದೆ. ಆ ಕೂಸು ಉಳಿಯಲಿಲ್ಲ. ಈ ಸಲ ತಾಯಿಯೂ ಉಳಿಯುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಲೇ ಇತ್ತು.

ಚರ್ಚೆ ಶುರುವಾದ ಸ್ವಲ್ಪ ಹೊತ್ತಿಗೇ ದೊಡ್ಡ ಮಾವ ಎದ್ದರು. "ಎಷ್ಟ್ ಮಾತಾಡ್ತೀರಿ? ಚರ್ಚಾ ಬಂದ್ ಮಾಡ್ರಿ, ಠರಾವು ಬಿಟ್ಟಬಿಡ್ರಿ" ಎಂದರು. ಚರ್ಚೆ ಸಾಕು, ಠರಾವು ಬಿಡೋಣ ಅನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಕೈಗಳು ಮೇಲೆದ್ದವು. ಕಾರ್ಯದರ್ಶಿ ಎಣಿಸುತ್ತಾ ನಮ್ಮ ಜಮಖಾನೆಯ ಕಡೆ ತಿರುಗಿದ ಹೊತ್ತಿಗೇ ಫ್ಯಾನಿನ ಗಾಳಿಗೆ ನನ್ನ ಸೆರಗು ಜಾರಿತು. ಹಿಡಿದುಕೊಳ್ಳಲು ಕೈ ತಲೆಗೆ ಹೋಯಿತು. ಆತ ಅದನ್ನೂ ಎಣಿಸಿಬಿಟ್ಟ.

"ಅರ್ಧಕ್ಕಿಂತ ಒಂದು ಕೈ ಹೆಚ್ಚದ ರೀ. ಚರ್ಚಾ ಮುಗೀತು" ಎಂದ.

ಆ ಹೆಚ್ಚಿನ ಕೈ ನನ್ನದೇ! ಸುಮ್ಮನಿದ್ದರೆ ನೆಗೆಣ್ಣಿಯನ್ನು ನನ್ನ ಕೈಯಾರೆ ಮತ್ತೆ ಅದೇ ಜೀಪಿಗೆ ಹತ್ತಿಸಿದಂತೆ. ಮಾತಾಡಿದರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ. ಕಿಟಕಿಯ ಕಡೆ ನೋಡಿದೆ. ನನ್ನ ಗಂಡ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದ. ಪುಣ್ಯಾತ್ಮನ ಧೈರ್ಯ ಯಾವತ್ತೂ ಅಷ್ಟೇ. ಎದ್ದು ನಿಂತೆ.

"ನಾ ಕೈ ಎತ್ತಿಲ್ಲರಿ. ಸೆರಗು ಜಾರಿತ್ತು, ಹಿಡಕೊಂಡೆ."

ಸಭೆ ಗೊಳ್ಳೆಂದು ನಕ್ಕಿತು. ದೊಡ್ಡ ಮಾವ ತಿರುಗಿ ನೋಡಲಿಲ್ಲ. ಅವರ ಕುತ್ತಿಗೆ ಕೆಂಪಾಗಿದ್ದು ಹಿಂದಿನಿಂದಲೇ ಕಾಣುತ್ತಿತ್ತು. ಆದರೆ ಅಧ್ಯಕ್ಷರು ನಗಲಿಲ್ಲ. ಮತ್ತೊಮ್ಮೆ ಎಣಿಸಲು ಹೇಳಿದರು. ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ. ಸೆರಗು ಹೆಗಲಿಗೆ ಬಿತ್ತು. ಬೀಳಲಿ ಎಂದು ಬಿಟ್ಟೆ.

ಈ ಸಲ ಕೈಗಳು ಸರಿಯಾಗಿ ಅರ್ಧಕ್ಕೆ ನಿಂತವು. ಚರ್ಚೆ ನಿಲ್ಲಿಸಲು ಅಷ್ಟು ಸಾಲದು.

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿ, "ಅಕ್ಕಾರ, ಚರ್ಚಾ ನಡೀಬೇಕಂದವರು ನೀವು. ಹೇಳ್ರಿ ಮತ್ತ, ಯಾಕ ಬೇಕು ಕೋಣಿ?" ಎಂದರು. ಚರ್ಚೆ ಉಳಿದರೆ ಅದನ್ನು ಯಾರಾದರೂ ಮಾಡಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಮತ್ತೆ ಎದ್ದು ನಿಂತೆ. ಸಿದ್ಧಮಾಡಿಕೊಂಡ ಮಾತು ಒಂದೂ ಇರಲಿಲ್ಲ. ಹೇಳಬಾರದೆಂದು ಇಟ್ಟುಕೊಂಡಿದ್ದೇ ಬಾಯಿಗೆ ಬಂತು.

"ಮಾವಾರ, ನಿಮ್ಮ ಮೊಮ್ಮಗ ಸತ್ತ ಹುಟ್ಟಿದ್ದಿಲ್ಲರಿ. ಜೀಪಿನ್ಯಾಗ ಅತ್ತಿದ್ದ. ಹೊಕ್ಕಳ ಹ್ಯಾಂಗ ಕೊಯ್ಬೇಕು, ಏನ್ ಮಾಡ್ಬೇಕು, ನನಗೇನೂ ಗೊತ್ತಿದ್ದಿಲ್ಲ. ಸೀರಿಯಾಗ ಸುತ್ತಿಕೊಂಡು ಸುಮ್ನ ಕುಂತಿದ್ದೆ."

ಕೂಸು ಸತ್ತೇ ಹುಟ್ಟಿತೆಂದು ಮನೆಯ ಹಿರಿಯ ಹೆಂಗಸರು ಅವರಿಗೆ ಹೇಳಿದ್ದರು. ಮುದುಕರ ಸಂಕಟ ಅಷ್ಟಕ್ಕೇ ಮುಗಿಯಲಿ ಎಂದು.

ಈಗ ನನ್ನನ್ನು ಇಲ್ಲಿಂದಲೇ ಮನೆಗೆ ಅಟ್ಟುತ್ತಾರೆ ಎಂದು ಕಾಯುತ್ತಾ ನಿಂತೆ. ದೊಡ್ಡ ಮಾವ ನಿಧಾನವಾಗಿ ಕುರ್ಚಿಯಲ್ಲೇ ತಿರುಗಿದರು. ಮದುವೆಯಾಗಿ ಬಂದಮೇಲೆ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಎಷ್ಟೊತ್ತು ಅತ್ತಿದ್ದ, ತಂಗಿ?"

"ಮಾಣಿಕನಗರ ಬರೂತನಾ ಅಳಾಕತ್ತಿದ್ದರಿ" ಎಂದೆ.