ಜಪಾನಿನಿಂದ ಬಂದವರಿಗೆ ಏಡಿ ಸಾರು

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ ನನ್ನ ತಮ್ಮ, ಅಲ್ಲಿಗೆ ಮಿಷನ್ ಕೂರಿಸಲು ಬಂದ ಜಪಾನಿ ಹುಡುಗಿಯನ್ನು ಮೆಚ್ಚಿಕೊಂಡ. ಹುಡುಗಿ ಒಪ್ಪಿದಳು, ನಾವೂ ಒಪ್ಪಿದೆವು. ಅವಳ ತಾಯಿ ಮಾತ್ರ, ಮನೆ ನೋಡದೆ ಮಗಳನ್ನು ಕೊಡುವುದಿಲ್ಲ ಎಂದು ವಿಮಾನ ಹತ್ತಿಯೇಬಿಟ್ಟರು.

ಅವರು ಬರುವ ದಿನ ನಾನು ಗೋಪಾಳದ ನನ್ನ ಮನೆಯಿಂದ ಸ್ಕೂಟರಿನಲ್ಲಿ ಅಮ್ಮನ ಮನೆಗೆ ಹಾರಿ ಬಂದೆ. ಜಪಾನಿನವರಿಗೆ ಏಡಿ ಎಂದರೆ ಪ್ರಾಣವಂತೆ, ಮಂಗಳೂರಿನ ದೊಡ್ಡ ಏಡಿ ತರಿಸಿ ಎಂದು ಬಡಕೊಂಡಿದ್ದೆ. ನೋಡಿದರೆ ಅಮ್ಮ ಗದ್ದೆ ಏಡಿಗಳನ್ನು ಒರಳಿಗೆ ಹಾಕಿ ಕಾಲು, ಚಿಪ್ಪು ಸಮೇತ ಕುಟ್ಟುತ್ತಿದ್ದಾಳೆ!

"ಅಯ್ಯೋ ಅಮ್ಮಾ, ಮರ್ಯಾದೆ ತೆಗೀತೀಯ!"

"ಸುಮ್ನಿರೇ ಮಾರಾಯ್ತಿ. ಕುಟ್ಟಿ ರಸ ಸೋಸಿದ್ರೇನೆ ಸಾರಿಗೆ ರುಚಿ."

ಅಷ್ಟರಲ್ಲಿ ತಾಯಿ-ಮಗಳನ್ನು ಕರೆದುಕೊಂಡು ನನ್ನ ತಮ್ಮ ಬಂದೇಬಿಟ್ಟ. ಆ ತಾಯಿ ನೇರವಾಗಿ ಹಿತ್ತಲಿಗೆ ಹೋಗಿ, ಬಕೆಟ್ಟಿನಲ್ಲಿ ಉಳಿದಿದ್ದ ಏಡಿಯೊಂದನ್ನು ಎತ್ತಿ ಬೆನ್ನು ನೋಡಿದರು. ಹುಡುಗಿ ತನ್ನ ಅರೆಬರೆ ಕನ್ನಡದಲ್ಲಿ ವಿವರಿಸಿದಳು: "ನಮ್ಮ ಸಮುದ್ರದ ಒಂದು ಏಡಿ, ಬೆನ್ನ ಮೇಲೆ ಮುಖ ಇದೆ. ಯುದ್ಧದಲ್ಲಿ ಮುಳುಗಿ ಸತ್ತ ಸೈನಿಕರು ಅಂತಾರೆ. ತಿನ್ನಲ್ಲ, ನೀರಿಗೆ ಬಿಡ್ತಾರೆ."

"ನಮ್ಮ ಏಡಿಗೆ ಮುಖಾನೂ ಇಲ್ಲ ಮೂತೀನೂ ಇಲ್ಲ, ಧೈರ್ಯವಾಗಿ ತಿನ್ನಲಿ ಅಂತ ಹೇಳಮ್ಮ," ಎಂದಳು ಅಮ್ಮ.

ಸೋಸಿದ ರಸ ಒಲೆಯ ಮೇಲೆ ಬಿಸಿಯಾಗುತ್ತಿತ್ತು. ಹುಡುಗಿಯ ತಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು, ಮುಖದಲ್ಲಿ ನಗುವಿಲ್ಲ. ಕುದಿ ಬರುವಂತಾಯಿತು, ತಳ ಹಿಡಿದೀತೆಂದು ಸೌಟು ಹಾಕಿದೆ ನೋಡಿ, ಇಬ್ಬರು ತಾಯಂದಿರೂ ಒಟ್ಟಿಗೇ ಕೂಗಿದರು! ಒಬ್ಬರದು ಕನ್ನಡ, ಒಬ್ಬರದು ಜಪಾನಿ. ಅಮ್ಮ ಸೌಟು ಕಿತ್ತುಕೊಂಡಳು, ಅವರು ಓಡಿ ಬಂದು ಗ್ಯಾಸ್ ಸಣ್ಣ ಮಾಡಿದರು. ಈ ಹೊತ್ತಿನಲ್ಲಿ ಕಲಕಿದರೆ ರಸ ಗಟ್ಟಿಯಾಗಿ ಮೇಲೆ ಬರುವ ಕೆನೆಯೆಲ್ಲ ಪುಡಿಯಾಗಿಬಿಡುತ್ತದಂತೆ. ಅವರ ಊರಲ್ಲೂ ಹೊಳೆ ಏಡಿಯನ್ನು ಹೀಗೇ ಕುಟ್ಟಿ, ಸೋಸಿ, ಸಾರು ಕಾಯಿಸುತ್ತಾರಂತೆ!

ಒಡೆದ ಹಾಲಿನಂತೆ ಏಡಿಯ ಕೆನೆ ಮೆಲ್ಲಗೆ ತೇಲಿತು. ಆ ತಾಯಿ ಅಮ್ಮನ ಕೈಯಿಂದ ಸೌಟು ತೆಗೆದುಕೊಂಡು ಮೊದಲ ಉಂಡೆಯನ್ನು ಸಾರಿನ ಸಮೇತ ಬಟ್ಟಲಿಗೆ ಹಾಕಿದರು. ಮಗಳಿಗೆ ಎಂದುಕೊಂಡೆ. ಮೂಲೆಯಲ್ಲಿ ಬೆವರುತ್ತ ನಿಂತಿದ್ದ ನನ್ನ ತಮ್ಮನ ಮುಂದೆ ಎರಡೂ ಕೈಯಲ್ಲಿ ಹಿಡಿದು, ಏನೋ ಹೇಳಿದರು.

ಹುಡುಗಿಯ ಕಣ್ಣು ತುಂಬಿತು. "ನಮ್ಮನೇಲಿ ಮೊದಲು ತೇಲಿದ್ದು ಅಳಿಯನಿಗೆ ಅಂತೆ."

ತಮ್ಮ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ. ಬಟ್ಟಲನ್ನು ಮಾತ್ರ ಕೆಳಗಿಡಲಿಲ್ಲ.