ವೆರ್ನಾ ಕತ್ತರಿಸಿದ ಪಟ್ಟಿ

ಭಾನುವಾರ ಚರ್ಚಿನಿಂದ ಬಂದವಳೇ ವೆರ್ನಾ ಬಾಬ್ಯಾಕ್ ಅಡುಗೆಮನೆಯ ಮೇಜಿನ ಮೇಲಿನ ಪಾತ್ರೆಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತಿದ್ದಳು. ಗಂಡ ಮಿಟ್ರೋ ಎದುರಿಗೆ ಕೂತು ಸಲಿಕೆಯಂಥ ಎರಡು ಕೈಗಳನ್ನು ಮೇಜಿನ ಮೇಲೆ ಚಾಚುವನು. ಮಣಿಕಟ್ಟಿನಿಂದ ಶುರು. ಅಂಗೈಗೆ ನಾಲ್ಕು ಸುತ್ತು, ಹೆಬ್ಬೆರಳ ಸಂದಿಯಲ್ಲಿ ಅಡ್ಡಡ್ಡ, ಗೆಣ್ಣುಗಳ ಮೇಲೆ ಮತ್ತೆ ಮೂರು ಸುತ್ತು ಅಂಟುಪಟ್ಟಿ. ಮೇಲೆ ಉಪ್ಪುನೀರು ಚಿಮುಕಿಸಿ ಒಲೆಯ ಮುಂದೆ ಕಾಯಿಸಿದರೆ ಅರ್ಧ ಗಂಟೆಯಲ್ಲಿ ಹಲಗೆಯಂತೆ ಬಿರುಸಾಗುತ್ತಿತ್ತು.

"ಈ ಕೈಲಿ ಒಂದು ಬಿಟ್ರೆ ಎದುರಿನೋನ ಹೆಲ್ಮೆಟ್ಟಿನೊಳಗೆ ಈಸ್ಟರ್ ಹಬ್ಬದ ಗಂಟೆ ಹೊಡೀಬೇಕು," ಎನ್ನುತ್ತಿದ್ದ ಮಿಟ್ರೋ.

"ಅವನೂ ಯಾರದೋ ಗಂಡ ಅಲ್ವಾ," ಎನ್ನುತ್ತ ವೆರ್ನಾ ಪಟ್ಟಿಯನ್ನು ಹಲ್ಲಿನಿಂದ ಹರಿಯುತ್ತಿದ್ದಳು.

ಹಾರ್ಗ್ರೋವ್ ಊರಿನವರ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನುಗ್ಗುವ ಆಟ, ನುಗ್ಗಿದವನನ್ನು ನೆಲಕ್ಕೆ ಬಡಿಯುವ ಆಟ. ವಾರವೆಲ್ಲ ಉಕ್ಕಿನ ಕಾರ್ಖಾನೆಯಲ್ಲಿ ಬೇಯುವ ಗಂಡಸರು ಭಾನುವಾರ ಮಧ್ಯಾಹ್ನ ನದಿಯ ದಂಡೆಯ ಮೈದಾನಕ್ಕೆ ಇಳಿಯುತ್ತಿದ್ದರು. ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿನಲ್ಲಿ ನಾಲ್ವರು: ಮಿಟ್ರೋ, ಪೋಲಿಷರ ಬೀದಿಯ ಸ್ಟಾಶ್ ವಿಲ್ಚೆಕ್, ರೈಲು ಹಳಿಯಾಚೆಯ ಕರಿಯರ ಕೇರಿಯಿಂದ ಲೂಷಿಯಸ್ ಟಾಲಿವರ್, ಕೊನೆಗೆ ಹಂಗೇರಿಯವರ ಗೇಬ್. ಊರು ಅವರನ್ನು 'ಕುಲುಮೆ ಬಾಗಿಲು' ಎಂದು ಕರೆಯುತ್ತಿತ್ತು. ಆ ಬಾಗಿಲ ಹತ್ತಿರ ಬಂದವನು ಸುಡದೆ ಹೋದದ್ದಿಲ್ಲ. ಎದುರಿನವನ ಕಿವಿಯ ಮೇಲೆ, ಹೆಲ್ಮೆಟ್ಟಿಗೇ ಬಾರಿಸಿ ಅವನು ತಲೆ ಕೊಡವಿಕೊಳ್ಳುವಷ್ಟರಲ್ಲಿ ದಾಟಿಹೋಗುವುದು ಅವರ ವಿದ್ಯೆ. ಆಗ ಅದು ತಪ್ಪಾಗಿರಲಿಲ್ಲ. ತಪ್ಪು ಎಂದು ಯಾರೋ ಬರೆದಿಡಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಮೂರು ವರ್ಷ ಸತತವಾಗಿ ಆ ನಾಲ್ವರನ್ನು ಸೀಳಿಕೊಂಡು ಹೋಗಿ ಒಬ್ಬನೂ ಗೆದ್ದಿರಲಿಲ್ಲ.

ಪಟ್ಟಿಗೂ ಒಂದು ಕಟ್ಟಳೆ ಇತ್ತು. ಕಟ್ಟಿದವಳೇ ಕತ್ತರಿಸಬೇಕು, ಅದೂ ಆಟ ಮುಗಿದ ಮೇಲೆ. ಒಮ್ಮೆ ಗೇಬ್ ಆಟದ ನಡುವೆ ತಾನೇ ಪಟ್ಟಿ ಕಿತ್ತು ಹೊಸದು ಸುತ್ತಿಕೊಂಡ. ಮರುಗಳಿಗೆಯಲ್ಲೇ ಅವನ ಮಣಿಕಟ್ಟು ಮುರಿಯಿತು. ಅಂದಿನಿಂದ ಪಟ್ಟಿ ಹೋದರೆ ಆಟವೂ ಹೋಯಿತು ಎಂದಾಯಿತು. ಕೈ ಬರಿದಾದವನನ್ನು ತರಬೇತುದಾರನೂ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಹೆಂಡಿರು ಮೊಂಡು ತುದಿಯ ಕತ್ತರಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಮೈದಾನಕ್ಕೆ ಬರುತ್ತಿದ್ದರು.

ಏಟು ಬಿದ್ದವರನ್ನು ನೋಡಿಕೊಳ್ಳಲು ಡಾಕ್ ಇದ್ದ. ಡಾಕ್ಟರಲ್ಲ, ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯವನು. ಹಿಂದೆ ಯಂತ್ರದ ಉರುಳೆಗೆ ಸಿಕ್ಕಿ ಅವನ ಬಲಗೈಯ ಹೆಬ್ಬೆರಳೂ ಕಡೆಯ ಎರಡು ಬೆರಳುಗಳೂ ಹೋಗಿದ್ದವು. ಬಿದ್ದವನನ್ನು ಬೆಂಚಿನ ಮೇಲೆ ಕೂರಿಸಿ, ಮೂಗಿಗೆ ಘಾಟು ಸೀಸೆ ಹಿಡಿದು, ಆ ಬಲಗೈಯನ್ನೇ ಎತ್ತುತ್ತಿದ್ದ.

"ಎಷ್ಟು ಬೆರಳಯ್ಯಾ?"

"ಎರಡು."

"ನೆಟ್ಟಗಿದಾನೆ. ನಡಿ ಒಳಗೆ."

ಕುರುಡನೂ ಪಾಸಾಗುವ ಪರೀಕ್ಷೆ ಎಂದು ಊರೇ ನಗುತ್ತಿತ್ತು. ವೆರ್ನಾಳೂ ನಕ್ಕವಳೇ.

ಸಾವಿರದ ಒಂಬೈನೂರ ಐವತ್ತೆಂಟರ ಅಕ್ಟೋಬರದಲ್ಲಿ ಆ ನಗು ನಿಂತಿತು. ಒಂದು ಸೋಮವಾರ ಪಾಳಿ ಮುಗಿಸಿದ ಮಿಟ್ರೋ ಮನೆಗೆ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ಬಾಡಿಗೆಗಿದ್ದ ಮನೆಯಾಕೆ ಅವನ ತೋಳು ಹಿಡಿದು ಕರೆತಂದಳು.

"ನಮ್ಮ ಬಾಗಿಲು ಬಡೀತಾ ನಿಂತಿದ್ದ ಕಣೆ. ಬೀಗ ಯಾಕೆ ಬದಲಾಯಿಸಿದ್ದೀಯ ಅಂತ ನನ್ನನ್ನೇ ಬೈದ."

ಅವಳು ಹೋದ ಮೇಲೆ ಮಿಟ್ರೋ ಜೋರಾಗಿ ನಕ್ಕ. "ದಾರಿ ತಪ್ಪಿದೆ ಅಷ್ಟೇ. ಸ್ಟಾಶ್ ಮುಂದೆ ಆಡಿಬಿಟ್ಟೀಯ ಮತ್ತೆ."

ವೆರ್ನಾ ಯಾರ ಮುಂದೆಯೂ ಆಡಲಿಲ್ಲ. ಆದರೆ ಅಂದಿನಿಂದ ಅವನು ಬೂಟು ಹುಡುಕಿದರೂ, ಒಂದು ಹೆಸರಿಗೆ ತಡವರಿಸಿದರೂ ಅವಳು ಕೈಲಿದ್ದ ಕೆಲಸ ಬಿಟ್ಟು ಅವನನ್ನೇ ನೋಡುತ್ತಿದ್ದಳು. ಅವಳ ಸೋದರಮಾವ ಹಿಂದೆ ಗಣಿಯಲ್ಲಿ ತಲೆಗೆ ಎರಡು ಸಲ ಏಟು ತಿಂದಿದ್ದ. ಎರಡನೆಯದು ಮೊದಲನೆಯದಕ್ಕಿಂತ ಸಣ್ಣ ಏಟು. ಅದರಲ್ಲೇ ಹೋದ. ಇನ್ನೊಂದು ಏಟು ಬಿದ್ದರೆ ತನ್ನ ಗಂಡನೂ ಹಾಗೇ ಹೋಗುತ್ತಾನೆ ಎಂಬುದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಆಡಬೇಡ ಎಂದಳು. "ಬ್ರಿಕ್‌ಟನ್ ಊರಿನೋರ ಜೊತೆ ಪಂದ್ಯ ಒಂದಿದೆ, ಅದು ಮುಗೀಲಿ," ಎಂದ.

ನವೆಂಬರಿನ ಕಡೆಯ ಭಾನುವಾರ ಅವಳು ಪಟ್ಟಿ ಸುತ್ತುವಾಗ ಒಂದು ಸುತ್ತು ತಪ್ಪಿತು. ಬಿಚ್ಚಿ ಮತ್ತೆ ಸುತ್ತಿದಳು.

ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಮರದ ಬೆಂಚುಗಳ ಮೇಲೆ ಅರ್ಧ ಊರೇ ಕೂತಿತ್ತು. ವೆರ್ನಾಳ ಪಕ್ಕ ಸ್ಟಾಶ್‌ನ ಹೆಂಡತಿ ಹೆಲ್ಕಾ ಮಡಿಲಲ್ಲಿ ಕಾಫಿಯ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದಳು. ಬ್ರಿಕ್‌ಟನ್‌ನವರು ಆ ಸಲ ತಯಾರಾಗಿಯೇ ಬಂದಿದ್ದರು. ಮಿಟ್ರೋನ ಎದುರು ನಿಂತವನು ಪ್ರತಿ ಸಲವೂ ಬಿದ್ದಂತೆ ಮಾಡಿ ಮೊಣಕಾಲು ಎತ್ತುತ್ತಿದ್ದ.

"ನಿನ್ನ ಗಂಡನ್ನ ಗುರಿ ಇಟ್ಟಿದಾರೆ ಕಣೆ," ಎಂದಳು ಹೆಲ್ಕಾ.

"ಕಾಣ್ತಿದೆ."

ಆಟದ ನಾಲ್ಕು ಪಾದಗಳಲ್ಲಿ ಮೂರನೆಯದರ ಕೊನೆಗೆ ಹಾರ್ಗ್ರೋವ್ ಆರು, ಬ್ರಿಕ್‌ಟನ್ ಮೂರು. ಆಗಲೇ ಆ ಮೊಣಕಾಲು ಮಿಟ್ರೋನ ತಲೆಗೆ ತಾಗಿತು. ಅವನು ಬಿದ್ದ, ಎದ್ದ, ಗುಂಪುಗೂಡಿದ್ದ ತನ್ನವರ ಬಳಿಗೆ ಹೋಗಿ ನಿಂತ. ಇನ್ನೊಂದು ಸಲ ನುಗ್ಗಿದ, ಮತ್ತೆ ಬಿದ್ದ. ಈ ಸಲ ಲೂಷಿಯಸ್ ಅವನನ್ನು ನಡೆಸಿಕೊಂಡು ಬಂದು ಡಾಕ್‌ನ ಬೆಂಚಿನ ಮೇಲೆ ಕೂರಿಸಿ, ಒಂದು ಕ್ಷಣ ಏನೋ ಹೇಳುವವನಂತೆ ನಿಂತು, ವಾಪಸು ಓಡಿದ.

ಡಾಕ್ ಸೀಸೆ ಹಿಡಿದ. ಬಲಗೈ ಎತ್ತಿದ. ಮಿಟ್ರೋನ ಕಣ್ಣು ಆ ಕೈಯ ಮೇಲೆ ಇರಲೇ ಇಲ್ಲ, ನದಿಯ ಕಡೆಗಿತ್ತು.

"ಎರಡು," ಎಂದ.

ಜನ ಹೋ ಎಂದು ನಕ್ಕರು. ವೆರ್ನಾ ಎದ್ದಳು.

"ಎಲ್ಲಿಗೆ?" ಹೆಲ್ಕಾ ಅವಳ ಕೋಟು ಹಿಡಿದಳು. "ಹೆಂಗಸರು ಹಗ್ಗ ದಾಟಬಾರದು ಕಣೆ."

ವೆರ್ನಾ ಕೋಟು ಬಿಡಿಸಿಕೊಂಡಳು. ಹಗ್ಗದ ಕೆಳಗೆ ನುಸುಳಿದಳು. ಬೆಂಚಿಗೆ ಮೂವತ್ತು ಹೆಜ್ಜೆ. ಹಿಂದೆ ನಗು ನಿಂತು ಗುಸುಗುಸು ಎದ್ದಿತು. ಅವಳು ಕೆಸರಿನಲ್ಲಿ ಮೊಣಕಾಲೂರಿ ಗಂಡನ ಎರಡು ಕೈಗಳನ್ನೂ ಹಿಡಿದುಕೊಂಡಳು.

"ಮಿಟ್ರೋ, ಇವತ್ತು ಈ ಪಟ್ಟಿ ಕಟ್ಟಿದ್ದು ಯಾರು?"

ಅವನು ಪಟ್ಟಿಯನ್ನು ನೋಡಿದ. ಅವಳನ್ನು ನೋಡಿದ. ಮರ್ಯಾದಸ್ಥ ಮನುಷ್ಯ ಅಪರಿಚಿತ ಹೆಂಗಸಿಗೆ ಉತ್ತರ ಕೊಡುವ ಹಾಗೆ ಹೇಳಿದ, "ನಮ್ಮಮ್ಮ."

ಅವನ ತಾಯಿ ಸತ್ತು ಒಂಬತ್ತು ವರ್ಷವಾಗಿತ್ತು.

"ಏಳಮ್ಮಾ, ಇದು ಅಡುಗೆಮನೆ ಅಲ್ಲ," ಎಂದ ಡಾಕ್. "ಎರಡು ಅಂತ ಸರಿಯಾಗೇ ಹೇಳಿದಾನೆ."

"ಇನ್ನೊಂದು ಕೈ ಎತ್ತಿ ಕೇಳಿ ನೋಡಿ."

ಡಾಕ್ ಎತ್ತಲಿಲ್ಲ. ತರಬೇತುದಾರ ಅತ್ತಲಿಂದ ಕೂಗಿದ, "ಬಾಬ್ಯಾಕ್, ಒಳಗೆ!" ಮಿಟ್ರೋ ಆ ದನಿಗೆ ಎದ್ದ, ಎತ್ತು ಹಗ್ಗಕ್ಕೆ ಏಳುವ ಹಾಗೆ. ಅವಳು ಅವನ ಕೈ ಬಿಡಲಿಲ್ಲ. ಚೀಲದಿಂದ ಕತ್ತರಿ ತೆಗೆದು ಬಲ ಮಣಿಕಟ್ಟಿನ ಕೆಳಗೆ ತೂರಿಸಿದಳು. ಬಿರುಸಾದ ಪಟ್ಟಿ ಒಂದೇ ಸಲಕ್ಕೆ ಕತ್ತರಿಸುವುದಿಲ್ಲ, ಕಚ್ಚಿ ಕಚ್ಚಿ ಬಿಡಿಸಬೇಕು. ಆ ಕರಕರ ಸದ್ದು ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸಿತು. ಬಲಗೈ ಆಯಿತು. ಎಡಗೈಯನ್ನು ಅವನೇ ಮುಂದೆ ಚಾಚಿದ. ಪಟ್ಟಿ ಕತ್ತರಿಸಿದರೆ ಆಟ ಮುಗಿಯಿತು ಎಂಬುದು ಆ ಕೈಗಳಿಗೆ ಗೊತ್ತಿತ್ತು. ಬರಿಗೈಯಾದ ಮೇಲೆ ಮಣಿಕಟ್ಟು ಉಜ್ಜಿಕೊಳ್ಳುತ್ತ ಕೂತ. ಆಗಿನ್ನೂ ಆಟ ಆರು–ಮೂರರಲ್ಲೇ ಇತ್ತು.

"ಹೆಂಡ್ತಿ ಲಂಗದ ಹಿಂದೆ ಬಚ್ಚಿಟ್ಕೋ ಮಿಟ್ರೋ," ಎಂದು ಯಾರೋ ಕೂಗಿದರು.

ಅವನ ಜಾಗದಲ್ಲಿ ನಿಂತವನು ಎದುರಿನವರು ಎರಡು ಸಲ ನುಗ್ಗುವಷ್ಟರಲ್ಲಿ ಬಾಗಿಹೋದ. ಕುಲುಮೆಯ ಬಾಗಿಲು ಮೊದಲ ಸಲ ತೆರೆದುಕೊಂಡಿತು. ಹತ್ತು–ಆರರಲ್ಲಿ ಹಾರ್ಗ್ರೋವ್ ಸೋತಿತು.

ಆ ಚಳಿಗಾಲ ಊರು ವೆರ್ನಾಳನ್ನು ಬಿಟ್ಟುಬಿಟ್ಟಿತು. ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬುಗಳ ಅಂಚು ಒತ್ತುವಾಗ ಅವಳ ಎರಡೂ ಪಕ್ಕದ ಕುರ್ಚಿಗಳು ಖಾಲಿ ಇರುತ್ತಿದ್ದವು. ಅವಳು ಹೋಗುವುದನ್ನು ನಿಲ್ಲಿಸಲಿಲ್ಲ. ಒಬ್ಬಳೇ ಕೂತು ಮುನ್ನೂರು ಒತ್ತಿ ಎದ್ದು ಬರುತ್ತಿದ್ದಳು.

ಅದನ್ನಾದರೂ ತಡೆದುಕೊಂಡಾಳು. ಮನೆಯಲ್ಲಿ ಮಿಟ್ರೋ ಮಾತು ಬಿಟ್ಟಿದ್ದ. ಹೆಂಡದಂಗಡಿಯಲ್ಲಿ ಕೇಳಿಸಿಕೊಂಡು ಬಂದದ್ದನ್ನೆಲ್ಲ ಮನಸ್ಸಿನಲ್ಲೇ ಕುದಿಸುತ್ತಿದ್ದ. ಹನ್ನೊಂದು ವಾರ ಅವಳು ಬಡಿಸಿದಳು, ಅವನು ತಟ್ಟೆ ನೋಡಿಕೊಂಡು ತಿಂದ. ಅವನು ಬದುಕಿದ್ದಾನಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಒಂದೊಂದು ದಿನ ಅದೂ ಸಾಲುತ್ತಿರಲಿಲ್ಲ. ತಾನು ಆ ಪ್ರಶ್ನೆ ಕೇಳಿದ್ದು ನಿಜವೇ, ಅವನು ಹಾಗೆ ಹೇಳಿದ್ದು ನಿಜವೇ ಎಂದು ಅವಳಿಗೇ ಅನುಮಾನ ಬರುತ್ತಿತ್ತು.

ಫೆಬ್ರುವರಿಯ ಒಂದು ಭಾನುವಾರ ಲೂಷಿಯಸ್ ಟಾಲಿವರ್ ಹಳಿ ದಾಟಿ ಬಂದ. ಅಕ್ಕಪಕ್ಕದ ಪರದೆಗಳು ಸರಿದವು. ಅವನು ಟೊಪ್ಪಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತ.

"ಕೂರಪ್ಪ," ಎಂದಳು ವೆರ್ನಾ.

"ಹೇಳಿ ಕೂರ್ತೀನಿ." ಅವನು ಮಿಟ್ರೋನತ್ತ ತಿರುಗಿದ. "ಅವತ್ತು ಮೊದಲ ಸಲ ಎದ್ದು ಬಂದೆಯಲ್ಲ, ಗುಂಪಲ್ಲಿ ನನ್ನ ಮುಖ ನೋಡಿ ಏನಂದೆ ಗೊತ್ತಾ? 'ನೀನ್ಯಾರಪ್ಪ, ಈ ಊರಿನೋನಾ' ಅಂದೆ. ನಾಲ್ಕು ವರ್ಷ ನಿನ್ನ ಪಕ್ಕ ನಿಂತಿದೀನಿ ನಾನು. ಆದರೂ ಬಾಯಿ ಬಿಡ್ಲಿಲ್ಲ. ಡಾಕ್ ಹತ್ರ ಕೂರಿಸಿದಾಗಲೂ ಬಿಡ್ಲಿಲ್ಲ. ಗೆಲ್ಲೋ ಆಸೆ ನಂಗೂ ಇತ್ತು. ನಿನ್ನ ಹೆಂಡ್ತಿ ಬರದೇ ಇದ್ದಿದ್ರೆ ನಾನು ನಿನ್ನ ಹೆಣದ ಪೆಟ್ಟಿಗೆಗೆ ಹೆಗಲು ಕೊಡ್ತಿದ್ದೆ. ಇಷ್ಟೇ ಹೇಳೋಕೆ ಬಂದೆ."

ಲೂಷಿಯಸ್ ಹೋದ ಮೇಲೂ ಮಿಟ್ರೋ ಮೇಜಿನ ಮುಂದೆಯೇ ಇದ್ದ. ಒಲೆಯ ಮೇಲಿನ ಎಲೆಕೋಸು ತಳ ಹಿಡಿಯಿತು, ಅವಳು ಏಳಲಿಲ್ಲ.

"ವೆರ್ನಾ."

"ಹೂಂ."

"ಆ ಪಂದ್ಯ ಹೆಂಗಿತ್ತು? ಮೊದಲಿಂದ ಹೇಳು."

"ನಿಂಗೆ ಗೊತ್ತಿಲ್ವಾ?"

"ಒಂದೂ ಇಲ್ಲ. ನೀನು ಪಟ್ಟಿ ಕಟ್ಟಿದ್ದು, ಒಂದು ಸುತ್ತು ಬಿಚ್ಚಿ ಮತ್ತೆ ಕಟ್ಟಿದೆಯಲ್ಲ, ಅಲ್ಲೀವರೆಗೆ ಇದೆ. ಆಮೇಲೆ ಗೋಡೆ. ಅಂಗಡೀಲಿ ಅವರು ಹೇಳಿದ್ದನ್ನೇ ನನ್ನ ನೆನಪು ಅಂದ್ಕೊಂಡು ನಿನ್ನ ಮೇಲೆ ಸಿಟ್ಟು ಮಾಡ್ತಿದ್ದೆ."

ಅವಳು ಹೇಳಿದಳು. ಮೋಡ ಹೇಗಿತ್ತು, ಗೇಬ್ ಯಾರನ್ನು ಕೆಡವಿದ, ಫ್ಲಾಸ್ಕಿನ ಮುಚ್ಚಳ ಎಲ್ಲಿ ಉರುಳಿತು, ಒಂದೂ ಬಿಡದೆ ಹೇಳಿದಳು. 'ನಮ್ಮಮ್ಮ' ಎಂಬಲ್ಲಿಗೆ ಬಂದಾಗ ಅವನು ಮುಖ ಮುಚ್ಚಿಕೊಂಡ. ಮುಂದಿನ ಶರತ್ಕಾಲದಲ್ಲಿ ಅವನು ಆಡಲಿಲ್ಲ. ಉಳಿದ ಮೂವರು ಇನ್ನೂ ಆರು ವರ್ಷ ಆಡಿದರು.

ವರ್ಷಗಳು ಉರುಳಿದ ಮೇಲೆ, ತನ್ನ ಐವತ್ತೆಂಟನೆಯ ವಯಸ್ಸಿಗೇ ಸ್ಟಾಶ್ ವಿಲ್ಚೆಕ್‌ನ ತಲೆ ಮಂಜಾಗತೊಡಗಿತು. ಕಾರ್ಖಾನೆ ಅಷ್ಟರಲ್ಲಿ ಮುಚ್ಚಿತ್ತು. ಭಾನುವಾರ ಹೆಲ್ಕಾ ಅವನನ್ನು ಕೈಹಿಡಿದು ಬಾಬ್ಯಾಕರ ಮನೆಗೆ ತರುತ್ತಿದ್ದಳು. ಮಿಟ್ರೋ ಅವನಿಗೆ ಕುಲುಮೆ ಬಾಗಿಲಿನ ಕಥೆ ಹೇಳುವನು: ಒಮ್ಮೆ ಸ್ಟಾಶ್ ಎಂಬವನು ಇಬ್ಬರನ್ನು ಒಟ್ಟಿಗೆ ಎತ್ತಿ ಮೂರನೆಯವನ ಮೇಲೆ ಹಾಕಿದ್ದನ್ನು. ಸ್ಟಾಶ್ ಕಣ್ಣರಳಿಸಿ ಕೇಳುವನು.

"ಗಟ್ಟಿ ಆಸಾಮಿ ಕಣಯ್ಯಾ ಅವನು. ಈಗೆಲ್ಲಿದಾನೆ?"

"ಇಲ್ಲೇ ಎಲ್ಲೋ ಇದಾನೆ," ಎನ್ನುವನು ಮಿಟ್ರೋ.

ಅಂಥ ಒಂದು ಭಾನುವಾರ ವೆರ್ನಾ ಸೂಪು ಬಡಿಸಲು ಪಾತ್ರೆಗಳನ್ನು ಪಕ್ಕಕ್ಕೆ ಸರಿಸಿದಳು. ಆ ಸದ್ದಿಗೆ ಸ್ಟಾಶ್ ಎರಡು ಕೈಗಳನ್ನೂ ಮೇಜಿನ ಮೇಲೆ ಚಾಚಿ, ಅಲ್ಲಾಡದೆ, ಕಾಯುತ್ತ ಕೂತ. ಹೆಲ್ಕಾ ಆ ಕೈಗಳನ್ನೇ ನೋಡುತ್ತಿದ್ದಳು.

"ಅವತ್ತು ನನ್ನ ಚೀಲದಲ್ಲೂ ಕತ್ತರಿ ಇತ್ತು ವೆರ್ನಾ," ಎಂದಳು. "ಆರು ವರ್ಷ, ಪ್ರತಿ ಭಾನುವಾರ ಇತ್ತು."

ವೆರ್ನಾ ಗೂಡಿನಿಂದ ಹಳೆಯ ಮೊಂಡು ಕತ್ತರಿ ತಂದು ಹೆಲ್ಕಾಳ ಕೈಗಿಟ್ಟಳು. ಹೆಲ್ಕಾ ಗಂಡನ ಬರಿಯ ಮಣಿಕಟ್ಟಿನ ಪಕ್ಕದಲ್ಲಿ ಅದನ್ನು ಗಾಳಿಯಲ್ಲಿ ನಿಧಾನವಾಗಿ ಕಚ್ಚಿಸುತ್ತ ಹೋದಳು, ಮೊದಲು ಬಲಗೈ, ಆಮೇಲೆ ಎಡಗೈ. ಸ್ಟಾಶ್ ದೊಡ್ಡ ಉಸಿರು ಬಿಟ್ಟು ಮಣಿಕಟ್ಟು ಉಜ್ಜಿಕೊಂಡ.

"ಮುಗೀತಾ? ಗೆದ್ವಾ?"

ಮಿಟ್ರೋ ಹೆಂಡತಿಯ ಕಡೆ ನೋಡಿದ. ಆ ಪಂದ್ಯ ಅವನಿಗೆ ಅವಳು ಹೇಳಿದಷ್ಟೇ ಗೊತ್ತು.

"ಗೆದ್ವಿ ಕಣೋ," ಎಂದ. "ಆರು–ಮೂರು."